ಯೇಸು ಎದ್ದುಬಂದರೆಂದರೆ ಏನರ್ಥ?

ಪ್ರಶ್ನೆ: ಯೇಸುವಿನ ಪುನರುತ್ಥಾನವನ್ನು ಎಲ್ಲ ಕ್ರೈಸ್ತರೂ ಒಂದೇ ರೀತಿ ಅರ್ಥೈಸುತ್ತಾರೆಯೇ? ದೇಹವೇ ಎದ್ದುಬಂತೆಂದು ಒಪ್ಪದವರನ್ನೂ ಕ್ರೈಸ್ತರೆನ್ನಬಹುದೇ?

ಉತ್ತರ: ಒಂದೇ ರೀತಿ ಅರ್ಥೈಸುವುದಿಲ್ಲ. ಆದರೆ ಚರ್ಚುಗಳ ಅಧಿಕೃತ ನಿಲುವಿನಲ್ಲಿ ಗೊಂದಲವಿಲ್ಲ. ಕ್ರಿ.ಶ. 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನಲ್ಲಿ ಬಂದಿರುವ ವಿಶ್ವಾಸಪ್ರಮಾಣ, ಯೇಸು ಮೂರನೆಯ ದಿನ ಎದ್ದರೆಂದು ಸಾರುತ್ತದೆ. ಕ್ಯಾಥೊಲಿಕರು, ಆರ್ಥೊಡಾಕ್ಸರು, ಬಹುಪಾಲು ಪ್ರೊಟೆಸ್ಟೆಂಟರು ಅದಕ್ಕೆ ಬದ್ಧರು. ಭಿನ್ನಾಭಿಪ್ರಾಯ ಹುಟ್ಟುವುದು ಆ ಏಳುವಿಕೆ ಎಂಥದ್ದು ಎಂಬಲ್ಲಿ.

ಅದಕ್ಕೆ ಎಡೆ ಮೂಲಗ್ರಂಥಗಳಲ್ಲೇ ಇದೆ. ನಮಗೆ ಸಿಗುವ ಅತಿ ಹಳೆಯ ವಿವರಣೆ ಕೊರಿಂಥದವರಿಗೆ ಅಪೊಸ್ತಲ ಪೌಲ ಬರೆದ ಮೊದಲ ಪತ್ರದ 15ನೇ ಅಧ್ಯಾಯ. ಕಾಲ ಸುಮಾರು ಕ್ರಿ.ಶ. 55. ಬಿತ್ತಿದ ಕಾಳಿಗೂ ಮೊಳೆತ ಪೈರಿಗೂ ಇರುವ ಸಂಬಂಧವೇ ಸತ್ತ ದೇಹಕ್ಕೂ ಎದ್ದ ದೇಹಕ್ಕೂ ಇದೆ ಎನ್ನುವುದು ಅಲ್ಲಿ ಅವನ ವಾದ. ಲೂಕನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರೆದುರು ಸುಟ್ಟ ಮೀನು ತಿಂದು ತಾನು ಭೂತವಲ್ಲವೆಂದು ತೋರಿಸುತ್ತಾರೆ. ಅದೇ ಅಧ್ಯಾಯದಲ್ಲಿ ಎಮ್ಮಾವುವಿನ ದಾರಿಯುದ್ದಕ್ಕೂ ಜೊತೆಗೆ ನಡೆದ ಇಬ್ಬರು ಶಿಷ್ಯರಿಗೆ, ರೊಟ್ಟಿ ಮುರಿಯುವವರೆಗೆ, ಯೇಸುವಿನ ಗುರುತೇ ಸಿಗುವುದಿಲ್ಲ. ದೇಹವುಂಟು, ಆದರೆ ಅದು ಹಳೆಯದರಂತಿಲ್ಲ. ಹಾಗಾಗಿ ಇದು ಪುನರ್ಜನ್ಮವೂ ಅಲ್ಲ, ಯೇಸು ಸಾವಿನಿಂದ ಎಬ್ಬಿಸಿದ ಲಾಜರನಂತೆ ಹಳೆಯ ಬದುಕಿಗೆ ಮರಳುವುದೂ ಅಲ್ಲ.

ಆಧುನಿಕ ಕಾಲದಲ್ಲಿ ಈ ಎಳೆಗಳು ಬೇರೆಬೇರೆಯಾದವು. ಜರ್ಮನಿಯ ದೇವತಾಶಾಸ್ತ್ರಜ್ಞ ರುಡಾಲ್ಫ್ ಬುಲ್ಟ್‌ಮನ್ 1941ರಲ್ಲಿ, ಪುನರುತ್ಥಾನವೆಂಬುದು ಇತಿಹಾಸಕಾರನ ಕೈಗೆ ಸಿಗುವ ಘಟನೆಯಲ್ಲ; ಇತಿಹಾಸಕ್ಕೆ ಸಿಗುವುದು ಶಿಷ್ಯರಲ್ಲಿ ಹುಟ್ಟಿದ ನಂಬಿಕೆ ಮಾತ್ರ ಎಂದು ವಾದಿಸಿದರು. ಅದೇ ನಾಡಿನ ಇನ್ನೊಬ್ಬ ದೇವತಾಶಾಸ್ತ್ರಜ್ಞ ಪಾನೆನ್‌ಬರ್ಗ್ ಇದನ್ನು ಒಪ್ಪದೆ, ಅದು ಇತಿಹಾಸದ ಪರಿಶೀಲನೆಗೆ ಒಡ್ಡಲೇಬೇಕಾದ ಘಟನೆ ಎಂದರು. ಇಂಗ್ಲೆಂಡಿನ ಎನ್.ಟಿ. ರೈಟ್ 2003ರ ತಮ್ಮ ಬೃಹತ್ ಗ್ರಂಥದಲ್ಲಿ, ಬರಿದಾದ ಸಮಾಧಿ, ಯೇಸುವಿನ ದರ್ಶನಗಳು ಎರಡೂ ಸೇರಿದರಷ್ಟೇ ಆ ನಂಬಿಕೆ ಹುಟ್ಟಿದ ಬಗೆ ಅರ್ಥವಾಗುತ್ತದೆ ಎನ್ನುತ್ತಾರೆ.

ನಿಮ್ಮ ಎರಡನೆಯ ಪ್ರಶ್ನೆಯೇ ಇಂಗ್ಲೆಂಡಿನಲ್ಲಿ ಬೀದಿಗೆ ಬಂದದ್ದುಂಟು. ಪುನರುತ್ಥಾನವನ್ನು ಮೂಳೆಗಳ ಪವಾಡಕ್ಕೆ ಇಳಿಸಬಾರದೆಂದ ಡೇವಿಡ್ ಜೆಂಕಿನ್ಸ್‌ಗೆ 1984ರ ಜುಲೈ 6ರಂದು ಯಾರ್ಕ್ ಮಿನ್‌ಸ್ಟರ್‌ನಲ್ಲಿ ಬಿಷಪ್ ದೀಕ್ಷೆಯಾಯಿತು. ಮೂರೇ ದಿನದಲ್ಲಿ ಆ ಕೆಥೆಡ್ರಲ್‌ನ ಒಂದು ಪಾರ್ಶ್ವಕ್ಕೆ ಬೆಂಕಿ ಬಿತ್ತು. ದೇವರ ಕೋಪವೇ ಇದೆಂದು ಕೆಲವರು ಹೇಳಿದರು. ಜೆಂಕಿನ್ಸ್ ಯೇಸು ಎದ್ದುದನ್ನು ಅಲ್ಲಗಳೆದಿರಲಿಲ್ಲ. ಚರ್ಚೂ ಅವರನ್ನು ಹೊರಹಾಕಲಿಲ್ಲ. 1994ರವರೆಗೂ ಅವರು ಡರ್‌ಹ್ಯಾಮ್‌ನ ಬಿಷಪ್ ಆಗಿಯೇ ಇದ್ದರು.

ಹೀಗಾಗಿ, ‘ಹೇಗೆ ಎದ್ದರು’ ಎಂಬಲ್ಲಿ ತಕರಾರಿದ್ದ ಮಾತ್ರಕ್ಕೆ ಒಬ್ಬರನ್ನು ಕ್ರೈಸ್ತರಲ್ಲ ಎನ್ನಲಾಗದು. ಆದರೆ ಗುರುವಿನ ನೆನಪು ಉಳಿಯಿತು ಎಂಬಷ್ಟಕ್ಕೆ ಪುನರುತ್ಥಾನವನ್ನು ಇಳಿಸುವುದನ್ನು ನಾನು ಒಪ್ಪಲಾರೆ. ನೆನಪು ಎಲ್ಲ ಮಹಾತ್ಮರದ್ದೂ ಉಳಿಯುತ್ತದೆ. ಮೊದಲ ಕ್ರೈಸ್ತರು ಸಾರಿದ್ದು ಬೇರೆ: ರೋಮ್ ಪ್ರಭುತ್ವ ಚಿತ್ರಹಿಂಸೆ ಕೊಟ್ಟು ಶಿಲುಬೆಗೇರಿಸಿದವನ ಪರವಾಗಿ ದೇವರು ತೀರ್ಪು ಕೊಟ್ಟಿದ್ದಾನೆ ಎಂದು. ಗಾಯಗಳನ್ನು ಕಾಣದೆ ನಂಬೆನೆಂದ ಶಿಷ್ಯ ತೋಮನೆದುರು ನಿಂತ ಯೇಸುವಿನ ಮೈಮೇಲೆ ಗಾಯಗಳು ಮಾಸದೆ ಇರುವುದೂ ಅದಕ್ಕೇ. ನೊಂದ ದೇಹವನ್ನು ದೇವರು ಕೈಬಿಡುವುದಿಲ್ಲವೆಂಬ ಈ ಭರವಸೆಯೇ ಆ ನಂಬಿಕೆಯ ತಿರುಳು. ಯಾವ ವ್ಯಾಖ್ಯಾನವನ್ನಾದರೂ ಒರೆಗೆ ಹಚ್ಚಬೇಕಾದದ್ದು ಇಲ್ಲಿಯೇ.