ಸೇಬಿನೊಳಗಿನ ನೀರು, ಕೇಕಿನ ನಡುವಿನ ಹಸಿ

ಪ್ರಶ್ನೆ: ನಾನು ಮೈಸೂರಿನವಳು. ಆರು ತಿಂಗಳ ಮಟ್ಟಿಗೆ ಅಮೆರಿಕದ ಮಿಷಿಗನ್ ರಾಜ್ಯದಲ್ಲಿರುವ ಮಗನ ಮನೆಗೆ ಬಂದಿದ್ದೇನೆ. ಹೋದ ಶನಿವಾರ ಎಲ್ಲರೂ ಸೇಬಿನ ತೋಟಕ್ಕೆ ಹೋಗಿ, ಕೈಯಾರೆ ಕಿತ್ತು, ಅರ್ಧ ಬುಶೆಲ್ ಸೇಬು ಹೊತ್ತು ತಂದೆವು. ತಿನ್ನುವವರು ನಾಲ್ಕೇ ಜನ. ಸೊಸೆ "ಅತ್ತೆ, ಆ್ಯಪಲ್ ಸ್ಪೈಸ್ ಕೇಕ್ ಮಾಡೋಣ, ತುಂಬಾ ಸುಲಭ" ಎಂದಳು. ನಾನು ಮೊಟ್ಟೆ ತಿನ್ನುವುದಿಲ್ಲ, ಅದಕ್ಕೆ ಮೊಸರು ಹಾಕಿದೆವು. ಹಿಟ್ಟು ತೀರಾ ಗಟ್ಟಿ ಅನ್ನಿಸಿ ನಾನೇ ಒಂದು ಲೋಟ ಹಾಲು ಸೇರಿಸಿದೆ. ಮೇಲೆಲ್ಲ ಚೆನ್ನಾಗಿ ಕೆಂಪಗಾಗಿತ್ತು, ಕೊಯ್ದರೆ ನಡುವೆ ಹಸಿಹಸಿ ಮುದ್ದೆ. ಎಲ್ಲಿ ತಪ್ಪಿತು? ಇನ್ನೊಂದು ಕುತೂಹಲ: ಇಲ್ಲಿ ಈಗ ಅಂಗಡಿ, ಕೈ ತೊಳೆಯುವ ಸೋಪು, ಮೇಣದಬತ್ತಿ ಎಲ್ಲದಕ್ಕೂ ಚಕ್ಕೆ-ಲವಂಗದ ವಾಸನೆ. ಏಕೆ?

ಉತ್ತರ: ತಪ್ಪಿದ್ದು ಆ ಒಂದು ಲೋಟ ಹಾಲಿನಲ್ಲಿ.

ಈರುಳ್ಳಿ ಪಕೋಡ ಮಾಡುವುದನ್ನು ನೆನಪಿಸಿಕೊಳ್ಳಿ. ಹೆಚ್ಚಿದ ಈರುಳ್ಳಿಗೆ ಉಪ್ಪು ಹಾಕಿ ಹಿಸುಕಿ ಹತ್ತು ನಿಮಿಷ ಬಿಟ್ಟರೆ ತಾನಾಗಿ ನೀರು ಬಿಡುತ್ತದೆ, ಕಡಲೆಹಿಟ್ಟು ಆ ನೀರಿನಲ್ಲೇ ಕಲಸಿಕೊಳ್ಳುತ್ತದೆ. ಹೊಸದಾಗಿ ಕಲಿಯುವವರು ಹಿಟ್ಟು ಉದುರುದುರಾಗಿದೆ ಎಂದು ಹೆದರಿ ನೀರು ಚಿಮುಕಿಸುತ್ತಾರೆ, ಪಕೋಡ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ಸೇಬಿನ ಕೇಕಿನದೂ ಇದೇ ಕಥೆ, ಉಪ್ಪಿನ ಜಾಗದಲ್ಲಿ ಸಕ್ಕರೆ ಅಷ್ಟೆ. ಸೇಬಿನ ತೂಕದಲ್ಲಿ ನೂರಕ್ಕೆ 85ರಷ್ಟು ನೀರೇ. ಸಿಪ್ಪೆ ತೆಗೆದು ಹೆಚ್ಚಿದ 250 ಗ್ರಾಂ ಹೋಳಿನಲ್ಲಿ 200 ಗ್ರಾಂಗೂ ಮಿಕ್ಕಿ ನೀರು ಅಡಗಿರುತ್ತದೆ. ಅಷ್ಟೂ ಹೊರಗೆ ಬರುವುದಿಲ್ಲ, ಆದರೆ ಬರುವಷ್ಟೇ ಹಿಟ್ಟನ್ನು ಸಡಿಲ ಮಾಡಲು ಸಾಕು. ಅದರ ಮೇಲೆ ನಿಮ್ಮ ಹಾಲು ಬೇರೆ ಬಿತ್ತು.

ಮೊಟ್ಟೆಯಿಲ್ಲದ ಕೇಕಿಗೆ ಇನ್ನೊಂದು ಕಷ್ಟವಿದೆ. ಮೊಟ್ಟೆ ಬಿಸಿಗೆ ಗಟ್ಟಿಯಾಗಿ ಕೇಕನ್ನು ಒಳಗಿಂದ ಎತ್ತಿ ಹಿಡಿಯುತ್ತದೆ. ಅದಿಲ್ಲದ ಕಡೆ ಈ ಭಾರವೆಲ್ಲ ಮೈದಾದ ಪಿಷ್ಟದ ಮೇಲೆ ಬೀಳುತ್ತದೆ. ಪಿಷ್ಟ ಬೆಂದು ಗಟ್ಟಿಯಾಗುವುದು ನಿಧಾನ, ನೀರು ಹೆಚ್ಚಾದರಂತೂ ನಡುಭಾಗ ಹಿಟ್ಟಿನ ಗಂಜಿಯಾಗಿಯೇ ಉಳಿಯುತ್ತದೆ. ಸೊಸೆ ಹೇಳಿದ್ದು ಸುಳ್ಳಲ್ಲ, ಇದು ಸುಲಭದ ಕೇಕೇ. ಕಲಸುವಾಗ ಕೈ ಬಿಗಿಹಿಡಿಯುವುದೊಂದೇ ಕಷ್ಟ.

ಈಗ ಅಳತೆ. ಅಲ್ಲಿ ಡ್ರಾಯರಿನಲ್ಲಿ ಒಂದರೊಳಗೊಂದು ಕೂರುವ ಕಪ್ಪುಗಳು, ಉಂಗುರಕ್ಕೆ ಪೋಣಿಸಿದ ಚಮಚಗಳು ಇರುತ್ತವೆ. ಲೋಟ, ಊಟದ ಚಮಚ ಬಿಟ್ಟು ಅವನ್ನೇ ಬಳಸಿ. ಮುಕ್ಕಾಲು ಕಪ್ ಗಟ್ಟಿ ಮೊಸರಿಗೆ ಅರ್ಧ ಟೀ ಚಮಚ ಅಡುಗೆ ಸೋಡಾ ಹಾಕಿ ಕದಡಿ ಐದು ನಿಮಿಷ ಬಿಡಿ. ಮೊಸರು ಗುಳ್ಳೆಯೆದ್ದು, ಹಿಂದಿನ ದಿನ ರುಬ್ಬಿಟ್ಟ ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತದೆ. ಅದಕ್ಕೆ ಮುಕ್ಕಾಲು ಕಪ್ ಬ್ರೌನ್ ಶುಗರ್, ಅರ್ಧ ಕಪ್ ವಾಸನೆಯಿಲ್ಲದ ಎಣ್ಣೆ ಹಾಕಿ ಕಲಕಿ. ಬೇರೆ ಪಾತ್ರೆಯಲ್ಲಿ ಒಂದೂವರೆ ಕಪ್ ಮೈದಾ (ಅಲ್ಲಿ ಆಲ್ ಪರ್ಪಸ್ ಫ್ಲೋರ್ ಅನ್ನುತ್ತಾರೆ), ಒಂದು ಟೀ ಚಮಚ ಬೇಕಿಂಗ್ ಪೌಡರ್, ಕಾಲು ಚಮಚ ಉಪ್ಪು, ಮಸಾಲೆ ಪುಡಿ (ಅದರ ಅಳತೆ ಮುಂದೆ ಹೇಳುತ್ತೇನೆ) ಸೇರಿಸಿ ಜರಡಿ ಹಿಡಿಯಿರಿ. ಮೈದಾ ಅಳೆಯುವಾಗ ಕಪ್ಪನ್ನು ಚೀಲದೊಳಗೆ ಒತ್ತಿ ತುಂಬಬೇಡಿ. ಚಮಚದಲ್ಲಿ ಎತ್ತಿ ಹಾಕಿ ಮೇಲ್ಮೈ ಸವರಿ, ಒಂದೂವರೆ ಕಪ್ಪಿಗೆ 190 ಗ್ರಾಂ ಬರಬೇಕು. ಅರ್ಧ ಇಂಚಿನ ಸೇಬಿನ ಹೋಳು ಎರಡು ಕಪ್ ಬೇಕು. ಹೋಳನ್ನು ಮೈದಾದಲ್ಲೇ ಒಮ್ಮೆ ಹೊರಳಿಸಿ, ಆಮೇಲೆ ಮೊಸರಿನ ಮಿಶ್ರಣಕ್ಕೆ ಎಲ್ಲವನ್ನೂ ಸುರಿದು, ಒಣ ಹಿಟ್ಟು ಕಾಣದಷ್ಟೇ ಮಗುಚಿ ನಿಲ್ಲಿಸಿ.

ಇಲ್ಲಿಯೇ ನಿಮಗೆ ಮತ್ತೆ ಹಾಲಿನ ಮೇಲೆ ಕಣ್ಣು ಹೋಗುವುದು. ಹಿಟ್ಟು ಚಮಚದಿಂದ ಹರಿಯುವುದಿಲ್ಲ, ಉದ್ದಿನ ವಡೆಯ ಹಿಟ್ಟಿನಂತೆ ತೊಪ್ಪೆಂದು ಬೀಳುತ್ತದೆ. ಹಾಗೇ ಇರಬೇಕು. ಎಂಟು ಇಂಚಿನ ಚೌಕ ಟ್ರೇಗೆ ಎಣ್ಣೆ ಸವರಿ, ಹಿಟ್ಟು ಹಾಕಿ, ಒದ್ದೆ ಬೆರಳಲ್ಲಿ ಸಮ ಮಾಡಿ, ಮೊದಲೇ ಬಿಸಿ ಮಾಡಿಟ್ಟ 350 ಡಿಗ್ರಿ ಓವನ್ನಿನಲ್ಲಿಡಿ. ಆ 350 ಫ್ಯಾರನ್‌ಹೀಟು. ನಮ್ಮ ಲೆಕ್ಕದಲ್ಲಿ 175ರಿಂದ 180 ಸೆಲ್ಸಿಯಸ್, ಆದರೆ ಅಲ್ಲಿನ ಓವನ್ನಿಗೆ ಅದರದೇ ಭಾಷೆ ಸಾಕು. ನಲವತ್ತೈದು ನಿಮಿಷ ಬಾಗಿಲು ತೆರೆಯಬೇಡಿ. ಮೇಲ್ಭಾಗ ಬೇಗ ಕೆಂಪಾದರೆ ಅಲ್ಯೂಮಿನಿಯಂ ಹಾಳೆ ಹೊದಿಸಿ ಇನ್ನೂ ಹತ್ತು ನಿಮಿಷ ಬಿಡಿ. ನಿಮ್ಮ ಮೊದಲ ಕೇಕು ಹೊರಗಿನ ಬಣ್ಣ ನೋಡಿಯೇ ಬೇಗ ಹೊರಬಂದಿರಬೇಕೆಂದು ನನ್ನ ಗುಮಾನಿ.

ಕಡ್ಡಿ ಚುಚ್ಚಿ ನೋಡುವುದರಲ್ಲೂ ಈ ಕೇಕು ಮೋಸ ಮಾಡುತ್ತದೆ. ಕಡ್ಡಿ ಸೇಬಿನ ಹೋಳಿಗೆ ತಗುಲಿದರೆ ಒದ್ದೆಯಾಗಿಯೇ ಬರುತ್ತದೆ. ನಡುವೆ ಮೂರು ಕಡೆ ಚುಚ್ಚಿ, ಬೆಳಕಿಗೆ ಹಿಡಿಯಿರಿ. ಬರೀ ತೇವ ಹೊಳೆದರೆ ಅದು ಸೇಬು, ಬಿಳಿ ಅಂಟು ಮೆತ್ತಿಕೊಂಡಿದ್ದರೆ ಹಿಟ್ಟು ಇನ್ನೂ ಹಸಿ. ಇಳಿಸಿದ ಮೇಲೆ ಒಂದು ಗಂಟೆ ಯಾರನ್ನೂ ಚಾಕು ಹಿಡಿದು ಹತ್ತಿರ ಬಿಡಬೇಡಿ. ಬಿಸಿಯಲ್ಲಿ ಕೊಯ್ದರೆ ಬೆಂದ ಕೇಕೂ ಬೇಯದಂತೆ ಕಾಣುತ್ತದೆ.

ಓವನ್ ಹಚ್ಚುವ ಮೊದಲು ಅದರ ಬಾಗಿಲು ತೆಗೆದು ಒಳಗೆ ಇಣುಕಿ. ಅಮೆರಿಕದ ನಮ್ಮವರ ಮನೆಗಳಲ್ಲಿ ಬಾಣಲೆ, ತವಾ, ಏನೆಲ್ಲ ಅದರೊಳಗೆ ಸಂಸಾರ ಹೂಡಿರುತ್ತವೆ. ನ್ಯೂಜೆರ್ಸಿಯ ನನ್ನ ತಂಗಿಯ ಮನೆಯಲ್ಲಿ ನೋಡದೆ ಗುಂಡಿ ಒತ್ತಿದವಳು ನಾನು. ಚಪಾತಿಯ ಪ್ಲಾಸ್ಟಿಕ್ ಡಬ್ಬಿ ಕರಗಿ ಸರಳುಗಳ ನಡುವೆ ಇಳಿಬಿದ್ದಿತ್ತು, ಹೊಗೆಯ ಅಲಾರಂ ಬೇರೆ ಬಡಿದುಕೊಂಡಿತು. ಅದನ್ನು ಕೆರೆಯುತ್ತ ಇಡೀ ಮಧ್ಯಾಹ್ನ ಹೋಯಿತು.

ಯಾವ ಸೇಬು ಅನ್ನುವುದೂ ಈ ನೀರಿನ ಲೆಕ್ಕಕ್ಕೇ ಸೇರಿದ್ದು. ನೀವಿರುವ ರಾಜ್ಯ ಅಮೆರಿಕದ ದೊಡ್ಡ ಸೇಬಿನ ನಾಡುಗಳಲ್ಲೊಂದು. ವಾಷಿಂಗ್ಟನ್, ನ್ಯೂಯಾರ್ಕ್ ರಾಜ್ಯಗಳ ಜೊತೆ ಅದರ ಹೆಸರು ಬರುತ್ತದೆ. ಪಶ್ಚಿಮದಲ್ಲಿ ಮಿಷಿಗನ್ ಸರೋವರ ಚಳಿ-ಬಿಸಿಲುಗಳನ್ನು ಹದ ಮಾಡುವುದರಿಂದ, ಗ್ರ್ಯಾಂಡ್ ರಾಪಿಡ್ಸ್ ಊರಿನ ಉತ್ತರಕ್ಕಿರುವ ದಿಬ್ಬದ ಸೀಮೆ ಪೂರ್ತಿ ಹಣ್ಣಿನ ತೋಟ. ತೋಟದಲ್ಲಿ ಕಿತ್ತ ಚೀಲ ಸಾಮಾನ್ಯವಾಗಿ ಬೆರಕೆ. ಅದರಲ್ಲಿ ಕೆಂಪು-ಹಸಿರು ಬೆರೆತ, ಮೆತ್ತನೆಯ ಮ್ಯಾಕಿಂಟಾಶ್ ಇದ್ದರೆ ಕೇಕಿಗೆ ಬೇಡ. ಜಾನ್ ಮ್ಯಾಕಿಂಟಾಶ್ ಎಂಬವರು 1811ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಕಾಡುಗಿಡವಾಗಿ ಕಂಡು ಉಳಿಸಿಕೊಂಡ ತಳಿ ಅದು. ತಿನ್ನಲು ಪರಿಮಳ ಸೊಗಸು, ಬಿಸಿಗೆ ಮಾತ್ರ ಬೆಣ್ಣೆಯಂತೆ ಕರಗಿ ಸಾಸ್ ಆಗಿಬಿಡುತ್ತದೆ. ನಾರ್ದರ್ನ್ ಸ್ಪೈ, ಜೋನಾಗೋಲ್ಡ್, ಗೋಲ್ಡನ್ ಡೆಲಿಷಿಯಸ್, ಹಸಿರು ಗ್ರ್ಯಾನಿ ಸ್ಮಿತ್ ಬೆಂದರೂ ಹೋಳಾಗಿಯೇ ನಿಲ್ಲುತ್ತವೆ. ಮಿನೆಸೋಟ ವಿಶ್ವವಿದ್ಯಾಲಯ 1991ರಲ್ಲಿ ಬಿಡುಗಡೆ ಮಾಡಿದ ಹನಿಕ್ರಿಸ್ಪ್ ಕೂಡ ನಿಲ್ಲುತ್ತದೆ, ಆದರೆ ಅದರ ಬೆಲೆಗೆ ಅದನ್ನು ಹಾಗೇ ಕಚ್ಚಿ ತಿನ್ನುವುದೇ ನ್ಯಾಯ.

ಹೆಸರು ಗೊತ್ತಿಲ್ಲದಿದ್ದರೆ ಪರೀಕ್ಷೆ ಸುಲಭ. ಪ್ರತಿ ಬಗೆಯದೊಂದು ಹೋಳು ತಟ್ಟೆಯಲ್ಲಿಟ್ಟು ಮೈಕ್ರೋವೇವಿನಲ್ಲಿ ಒಂದು ನಿಮಿಷ ತಿರುಗಿಸಿ. ಆಕಾರ ಉಳಿಸಿಕೊಂಡದ್ದು ಕೇಕಿಗೆ, ನೊರೆಯಾಗಿ ಕುಸಿದದ್ದು ಗೊಜ್ಜಿಗೆ. ಸೇಬಿನ ಗೊಜ್ಜು ಮಾವಿನಕಾಯಿ ಗೊಜ್ಜಿಗಿಂತ ತುಸು ಸಪ್ಪೆ, ಹುಣಸೆ ಹೆಚ್ಚು ಬೇಡುತ್ತದೆ. ಆದರೂ ಅಲ್ಲಿ ಅರ್ಧ ಬುಶೆಲ್, ಅಂದರೆ ಒಂಬತ್ತು ಕಿಲೋ ಚಿಲ್ಲರೆ ಸೇಬು ಖರ್ಚಾಗಬೇಕಲ್ಲ. ಉಳಿದದ್ದನ್ನು ಅಡುಗೆಮನೆಯ ಕಟ್ಟೆಯ ಮೇಲೆ ಬುಟ್ಟಿಯಲ್ಲಿ ಅಲಂಕಾರಕ್ಕೆ ಇಡಬೇಡಿ, ವಾರದಲ್ಲಿ ಹಿಟ್ಟುಹಿಟ್ಟಾಗುತ್ತವೆ. ಫ್ರಿಜ್ಜಿನಲ್ಲಿಡಿ, ಆದರೆ ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿ ಬೇಡ. ಸೇಬು ಬಿಡುವ ಎಥಿಲೀನ್ ಅನಿಲಕ್ಕೆ ಸೊಪ್ಪು ಬೇಗ ಹಳದಿಯಾಗುತ್ತದೆ.

ಬೆಣ್ಣೆ ಬಿಟ್ಟು ಎಣ್ಣೆ ಹೇಳಿದ್ದೇಕೆ ಎಂದು ಸೊಸೆ ಕೇಳಬಹುದು. ಬೆಣ್ಣೆ ತಣ್ಣಗಾದರೆ ಹೆಪ್ಪುಗಟ್ಟುತ್ತದೆ, ಅದರ ಕೇಕು ಮಿಷಿಗನ್ನಿನ ಅಕ್ಟೋಬರ್ ಬೆಳಗಿಗೆ ಬಿರುಸಾಗುತ್ತದೆ. ಎಣ್ಣೆಯದು ಮೂರು ದಿನ ಮೆತ್ತಗಿರುತ್ತದೆ. ಇದನ್ನು ಚೆನ್ನಾಗಿ ಬಲ್ಲವರು ಅಲ್ಲಿನ ಯಹೂದಿಗಳು. ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್ ಕಡೆ ಯಹೂದಿ ಸೇಬಿನ ಕೇಕೆಂದೇ ಹೆಸರಾದ ಒಂದು ಬಗೆಯಿದೆ. ಮಾಂಸದ ಊಟದ ಜೊತೆ ಹಾಲಿನ ಪದಾರ್ಥ ಬೆರೆಯಬಾರದೆಂಬುದು ಅವರ ಆಹಾರದ ಕಟ್ಟು. ಹಾಗಾಗಿ ಊಟದ ಕೊನೆಗೆ ಬರುವ ಕೇಕಿಗೆ ಬೆಣ್ಣೆಯೂ ಇಲ್ಲ, ಹಾಲೂ ಇಲ್ಲ. ಎಣ್ಣೆ, ಜೊತೆಗೆ ಸ್ವಲ್ಪ ಕಿತ್ತಳೆ ರಸ. ಅವರ ಹೊಸ ವರ್ಷ ರೋಷ್ ಹಶಾನಾ ಬರುವುದೂ ಸೆಪ್ಟೆಂಬರ್-ಅಕ್ಟೋಬರಿನಲ್ಲೇ, ಅಂದು ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ. ಅವರದರಲ್ಲಿ ಮೊಟ್ಟೆ ಇರುತ್ತದೆ, ನಮ್ಮದರಲ್ಲಿ ಮೊಸರು. ಮಡಿಯ ಲೆಕ್ಕಗಳು ಎಲ್ಲೆಲ್ಲಿ ಹೋಗಿ ಒಂದೇ ಎಣ್ಣೆ ಡಬ್ಬಿಯ ಮುಂದೆ ಸೇರುತ್ತವೆ ನೋಡಿ.

ಇನ್ನು ವಾಸನೆಯ ವಿಷಯ. ನೀವು ಎಲ್ಲೆಡೆ ಮೂಸುತ್ತಿರುವುದು ಚಕ್ಕೆ, ಜಾಯಿಕಾಯಿ, ಲವಂಗ, ಒಣಶುಂಠಿ, ಆಲ್‌ಸ್ಪೈಸ್‌ಗಳ ಬೆರಕೆ. ಹೆಸರು ಕೇಳಿ ಆಲ್‌ಸ್ಪೈಸ್ ಹಲವು ಮಸಾಲೆಯ ಪುಡಿ ಎಂದುಕೊಳ್ಳಬೇಡಿ, ಅದು ಜಮೈಕಾ ಕಡೆಯ ಒಂದೇ ಮರದ ಒಣಗಿಸಿದ ಕಾಯಿ. ನಮ್ಮ ಮಲೆನಾಡಿನ ತೋಟಗಳಲ್ಲಿ ಸರ್ವಸಾಂಬಾರ ಎಂದು ಎಲೆಗಾಗಿ ಬೆಳೆಸುವ ಗಿಡ ಇದೇ. ಶರತ್ಕಾಲದಲ್ಲಿ ಅಲ್ಲಿ ಸೇಬು, ಸಿಹಿಗುಂಬಳ ಎರಡೂ ಒಟ್ಟಿಗೆ ಕೈಗೆ ಬರುತ್ತವೆ. ಎರಡರ ಪೈಗೂ ಇದೇ ಮಸಾಲೆ. ಮೆಕಾರ್ಮಿಕ್ ಕಂಪನಿ 1934ರಲ್ಲಿ ಇದನ್ನು ಪಂಪ್‌ಕಿನ್ ಪೈ ಸ್ಪೈಸ್ ಎಂದು ಡಬ್ಬಿಗೆ ತುಂಬಿ ಮಾರತೊಡಗಿತು. 2003ರಲ್ಲಿ ಸ್ಟಾರ್‌ಬಕ್ಸ್ ಅದನ್ನು ಕಾಫಿಗೆ ತಂದ ಮೇಲೆ ಮೇಣದಬತ್ತಿಗೂ ಸೋಪಿಗೂ ಬಿಡುಗಡೆ ಇಲ್ಲದಾಯಿತು. ಹಳೆಯ ನಂಟೂ ಇದೆ. ಮ್ಯಾಸಚುಸೆಟ್ಸಿನ ಸೇಲಂ ಬಂದರಿನ ಹಡಗುಗಳು ಸುಮಾತ್ರಾದ ಕಾಳುಮೆಣಸಿನಿಂದ ಹಣ ಮಾಡಿದವು, ಕನೆಕ್ಟಿಕಟ್ ರಾಜ್ಯಕ್ಕೆ ಈಗಲೂ ಜಾಯಿಕಾಯಿ ರಾಜ್ಯ ಎಂಬ ಅಡ್ಡಹೆಸರಿದೆ. ಆ ದೇಶದ ಮಣ್ಣಲ್ಲಿ ಒಂದು ಜಾಯಿಕಾಯಿ ಗಿಡವೂ ಸಹಜವಾಗಿ ಹುಟ್ಟಿದ್ದಲ್ಲ.

ನಿಮ್ಮ ಕೇಕಿಗೆ ಅಂಗಡಿಯ ಡಬ್ಬಿ ಬೇಡ. ಊರಿಂದ ಪೆಟ್ಟಿಗೆಯಲ್ಲಿ ಒಯ್ದದ್ದು ಇದ್ದೇ ಇರುತ್ತದೆ. ಚಕ್ಕೆ ಪುಡಿ ಒಂದೂವರೆ ಟೀ ಚಮಚ, ಒಣಶುಂಠಿ ಅರ್ಧ, ಜಾಯಿಕಾಯಿ ಕಾಲು. ಜಾಯಿಕಾಯಿಯನ್ನು ಆಗಲೇ ತುರಿಯಿರಿ. ಸಾಣೆಕಲ್ಲಿನ ಮೇಲೆ ಮಗುವಿಗೆ ತೇಯ್ದುಕೊಟ್ಟ ಕೈಗೆ ಅದರ ಜೋರು ಹೇಳಬೇಕಿಲ್ಲ. ಲವಂಗ ಎರಡೇ ಎರಡು, ಕುಟ್ಟಿ. ಮೂರನೆಯದು ಬಿದ್ದರೆ ಹಲ್ಲುನೋವಿನ ನೆನಪಾಗುತ್ತದೆ. ಏಲಕ್ಕಿಯತ್ತ ಕೈ ಹೋಗುತ್ತದೆ, ಬೇಡ. ಏಲಕ್ಕಿ ಬಿದ್ದೊಡನೆ ಅದು ಕೇಸರಿಬಾತಿನ ನೆಂಟನಾಗುತ್ತದೆ. ಇದು ನನ್ನ ಹಟ, ಶಾಸ್ತ್ರವೇನಲ್ಲ.

ಇಲ್ಲಿಯೇ ಇದ್ದು ಓದುತ್ತಿರುವವರಿಗೆ ಒಂದು ಮಾತು. ನಮ್ಮ ಪೇಟೆಗೆ ಬರುವ ಹಿಮಾಚಲದ ಕೆಂಪು ಸೇಬು ಬಹುಪಾಲು ಡೆಲಿಷಿಯಸ್ ಕುಲದ್ದು. ಅದೂ ಅಮೆರಿಕದ ಬೀಜವೇ. ಫಿಲಡೆಲ್ಫಿಯಾದಿಂದ ಬಂದು ಶಿಮ್ಲಾ ಬಳಿಯ ಕೋಟ್‌ಗಢದಲ್ಲಿ ನೆಲೆಸಿದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಅದರ ಸಸಿ ತರಿಸಿ ನೆಟ್ಟರು. ಮುಂದೆ ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋದರು, ಆಮೇಲೆ ಹೆಸರನ್ನೂ ಬದಲಿಸಿಕೊಂಡು ಸತ್ಯಾನಂದರಾದರು. ಆ ಸೇಬಿನಲ್ಲಿ ಹುಳಿ ಕಮ್ಮಿ, ಹೋಳಿಗೆ ಒಂದು ಚಮಚ ನಿಂಬೆರಸ ಹಿಂಡಿ. ಓವನ್ ಇಲ್ಲದವರು ದಪ್ಪ ತಳದ ಕುಕ್ಕರಿಗೆ ಮರಳು ಹಾಕಿ, ಗ್ಯಾಸ್ಕೆಟ್, ವಿಶಲ್ ತೆಗೆದು, ಸಣ್ಣ ಉರಿಯಲ್ಲಿ ಒಂದು ಗಂಟೆ ಇಟ್ಟರೂ ಆಗುತ್ತದೆ. ಕೆಂಪು ಬಣ್ಣ ಮಾತ್ರ ಅಷ್ಟಾಗಿ ಬರದು.

ಮಿಷಿಗನ್ನಿನವರಿಗೆ ಕೊನೆಯದು. ಕೇಕನ್ನು ರಾತ್ರಿ ಮಾಡಿಟ್ಟು ಬೆಳಗ್ಗೆ ಕೊಯ್ಯಿರಿ, ಮಸಾಲೆ ಹದವಾಗಿ ಕೂತಿರುತ್ತದೆ. ಮೂರು ದಿನ ಮುಚ್ಚಿ ಹೊರಗೆ ಇಡಬಹುದು, ಆಮೇಲೆ ಫ್ರಿಜ್ಜು. ಸೇಬಿನ ಸಿಪ್ಪೆ ಎಸೆಯಬೇಡಿ. ಒಂದು ತುಂಡು ಚಕ್ಕೆ, ಎರಡು ಲೋಟ ನೀರಿನ ಜೊತೆ ಸಣ್ಣ ಉರಿಯಲ್ಲಿ ಕುದಿಯಲು ಬಿಡಿ. ಮಗ ಕೆಲಸ ಮುಗಿಸಿ ಬಂದವನು ಯಾವ ಮೇಣದಬತ್ತಿ ತಂದಿರಿ ಎಂದು ಕೇಳಿದರೆ, ಆ ನೀರನ್ನೇ ಸೋಸಿ ಬೆಲ್ಲ ಹಾಕಿ ಕುಡಿಯಲು ಕೊಡಿ.