ಇಂದಿನ ಚಿಂತನೆ: ಬುದ್ಧಿ ಅಳೆಯುವವರು ಬಂದಾಗ



ಒಮ್ಮೆ ಸಂಶೋಧಕರೊಬ್ಬರು ನಮ್ಮ ಶಾಲೆಯ ಮಕ್ಕಳ ಬುದ್ಧಿಮಟ್ಟ ಅಳೆಯಲು ಬಂದರು. ಹಾಳೆಯ ಮೊದಲ ಕಾಲಂ ಜಾತಿ. ಇಡಗುಂದಿ ಕಡೆಯ ಸಿದ್ದಿ ಹುಡುಗಿ ಕೇಳಿದಳು: "ಅಕ್ಕೋರೇ, ಅವ್ರಿಗೆ ಜಾತಿ ಯಾಕೆ ಬೇಕು?" ನನ್ನಲ್ಲಿ ಉತ್ತರವಿರಲಿಲ್ಲ. ಪೋಷಕರನ್ನೂ ಕೇಳದೆ ಸಹಿ ಹಾಕಿಬಿಟ್ಟಿದ್ದೆ.

1901ರ ಜನಗಣತಿಯ ಆಯುಕ್ತ ರಿಸ್ಲೆ, ಮೂಗು ಅಗಲವಾದಷ್ಟೂ ಜಾತಿ ಕೀಳು ಎಂದು ಬರೆದಿದ್ದ. ಬಾಬಾಸಾಹೇಬರು ಅಳತೆಗೆ ಹೆದರಲಿಲ್ಲ. 1948ರ 'ದಿ ಅನ್‌ಟಚಬಲ್ಸ್' ಕೃತಿಯಲ್ಲಿ ಮೂಗಿನ ಅಳತೆಯ ಅಂಕಿಗಳನ್ನೇ ಮುಂದಿಟ್ಟು, ಬ್ರಾಹ್ಮಣರೂ ಅಸ್ಪೃಶ್ಯರೂ ಒಂದೇ ಜನಾಂಗ ಎಂದು ತೋರಿಸಿದರು. ಸಂಶೋಧನೆ ಬೇಡ ಎನ್ನುತ್ತಿಲ್ಲ. ಆದರೆ ಸಮ್ಯಕ್ ವಾಕ್ಕು ನಾಲಗೆಗಷ್ಟೇ ಅಲ್ಲ, ಅಂಕಿಪಟ್ಟಿಗೂ ಸೇರಿದ್ದು. ಆ ಕಾಲಂ ಬಡತನ ಬರೆಯಲಿಲ್ಲ, ಮಗು ನಡೆದು ಬರುವ ಕಾಡುದಾರಿ ಬರೆಯಲಿಲ್ಲ.

ಮೊನ್ನೆ ಇನ್ನೊಬ್ಬರು ಬಂದಿದ್ದರು. ಪೋಷಕರ ಸಭೆಗೆ ಬನ್ನಿ, ಅವರನ್ನೇ ಕೇಳಿ ಎಂದೆ.