ವಿಜ್ಞಾನದ ಪಾಠದಲ್ಲಿ ಗಣಕಯಂತ್ರದ ಸ್ಥಾನ

ಪ್ರೌಢಶಾಲೆಗೆ ಗಣಕಯಂತ್ರಗಳು ಬಂದಾಗ ವಿಜ್ಞಾನದ ಅಧ್ಯಾಪಕನ ಮನಸ್ಸು ಸಹಜವಾಗಿಯೇ, ಅವುಗಳಲ್ಲಿ ಏನೇನನ್ನು ತೋರಿಸಬಹುದು ಎಂಬುದರ ಕಡೆಗೆ ಹರಿಯುತ್ತದೆ. ಕೈಯಾರೆ ಮಾಡಿ ನೋಡಿದ ಬಳಿಕವೂ ವಿದ್ಯಾರ್ಥಿಯ ಕಣ್ಣಿಗೆ ಮರೆಯಾಗಿ ಉಳಿಯುವ ಅಂಶ ಯಾವುದು ಎಂಬ ವಿಚಾರದಿಂದಲೇ ಪಾಠದ ಯೋಜನೆ ಮೊದಲಾಗಬೇಕೆಂಬುದನ್ನು, ಹತ್ತನೆಯ ತರಗತಿಗೆ ವಿದ್ಯುತ್ತಿನ ಅಧ್ಯಾಯವನ್ನು ವರ್ಷವರ್ಷವೂ ಬೋಧಿಸುತ್ತ ನಾನು ಮನಗಂಡಿದ್ದೇನೆ.

ಶುಷ್ಕಕೋಶ, ಟಾರ್ಚಿನ ಬಲ್ಬು, ಸ್ವಿಚ್ಚು, ತಂತಿ ಇವಿಷ್ಟನ್ನು ಜೋಡಿಸಿದ ಮಕ್ಕಳು, ಸ್ವಿಚ್ಚು ಒತ್ತಿದೊಡನೆ ಕೋಶದಿಂದ ಏನೋ ಹೊರಟು ಓಡಿಬಂದು ಬಲ್ಬನ್ನು ಬೆಳಗಿತೆಂದು ನಂಬುತ್ತಾರೆ. ಆದರೆ ಅಂತಹ ತಂತಿಯಲ್ಲಿ ಎಲೆಕ್ಟ್ರಾನುಗಳು ಒಟ್ಟಾರೆ ಮುಂದೆ ಸರಿಯುವ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿಗೂ ಕಡಿಮೆಯಾದುದರಿಂದ, ಒಂದು ಮೀಟರ್ ದಾಟಲು ಅವಕ್ಕೆ ಕಾಲು ಗಂಟೆಗೂ ಮಿಕ್ಕಿದ ಕಾಲ ಬೇಕು. ಈ ವಿರೋಧವನ್ನು ಕಪ್ಪುಹಲಗೆಯ ಚಿತ್ರವು ಪರಿಹರಿಸಲಾರದು. 2001ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ ಕಾರ್ಲ್ ವೀಮನ್ ಅವರು ಅಮೆರಿಕದ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ಸಿಮ್ಯುಲೇಷನ್ನಿನಲ್ಲಿ, ಮಂಡಲ ಪೂರ್ಣವಾದ ಕ್ಷಣದಲ್ಲೇ ತಂತಿಯುದ್ದಕ್ಕೂ ಇರುವ ಎಲೆಕ್ಟ್ರಾನುಗಳೆಲ್ಲವೂ ಏಕಕಾಲಕ್ಕೆ ಚಲಿಸತೊಡಗುವುದನ್ನು ಕಂಡಾಗ ಮಕ್ಕಳ ಮುಖದಲ್ಲಿ ಮೂಡುವ ಅರಿವು ನನಗೆ ಅತ್ಯಂತ ಪ್ರಿಯವಾದುದು.

ಆ ಅರಿವಿಗೂ ಪೂರ್ವಸಿದ್ಧತೆ ಬೇಕು. ಮೌಸನ್ನು ಮುಟ್ಟುವ ಮೊದಲು ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಪುಸ್ತಕದಲ್ಲಿ ಬರೆಯತಕ್ಕದ್ದೆಂಬ ನಿಯಮವನ್ನು ನಾನು ಎಂದೂ ಸಡಿಲಿಸುವುದಿಲ್ಲ. ಏಕೆಂದರೆ ಊಹಿಸದೆ ನೋಡಿದವನಿಗೆ ತೆರೆಯ ಮೇಲಿನದೆಲ್ಲವೂ ಮೊದಲೇ ಗೊತ್ತಿದ್ದಂತೆ ತೋರುತ್ತದೆ. ಒಂದು ಯಂತ್ರಕ್ಕೆ ಇಬ್ಬರು ಕುಳಿತು, ಒಬ್ಬರು ಮಂಡಲವನ್ನು ಜೋಡಿಸುತ್ತ ಇನ್ನೊಬ್ಬರು ಬರೆಯುತ್ತ, ನಡುವೆ ಸ್ಥಾನ ಬದಲಾಯಿಸಿಕೊಳ್ಳುವುದು ಉತ್ತಮವಾದ ಏರ್ಪಾಡು.

ಅನಂತರ ಮರಳಿ ಪ್ರಯೋಗದ ಮೇಜಿಗೆ ಬರಲೇಬೇಕು. ಸಿಮ್ಯುಲೇಷನ್ನಿನ ಬ್ಯಾಟರಿಗೆ, ನಾವಾಗಿ ಬದಲಿಸದ ಹೊರತು, ಆಂತರಿಕ ರೋಧವೇ ಇಲ್ಲ. ಆದುದರಿಂದ ಸಮಾಂತರವಾಗಿ ಎಷ್ಟು ಬಲ್ಬುಗಳನ್ನು ಸೇರಿಸಿದರೂ ಮೊದಲಿನದರ ಕಾಂತಿ ಕುಗ್ಗುವುದಿಲ್ಲ. ಹಳೆಯ ಕೋಶಗಳಿಂದ ಮೇಜಿನ ಮೇಲೆ ಅದನ್ನೇ ಮಾಡಿದರೆ ಎರಡನೆಯ ಬಲ್ಬು ಸೇರಿದೊಡನೆ ಮೊದಲಿನದು ಮಂಕಾಗುತ್ತದೆ. "ಸಾರ್, ಕಂಪ್ಯೂಟರಿನಲ್ಲಿ ಹೀಗಾಗಲಿಲ್ಲವಲ್ಲ?" ಎಂದು ಒಬ್ಬ ಹುಡುಗಿ ಕೇಳಿದ ದಿನ, ಪಠ್ಯದ ಮೇರೆಯನ್ನು ಮೀರಿಯೂ ಕೋಶದೊಳಗಿನ ರೋಧದ ವಿಷಯವನ್ನು ಸಾವಕಾಶವಾಗಿ ಚರ್ಚಿಸಿದೆವು. ನಿಕ್ರೋಮ್ ತಂತಿಯು ವಿಭವಾಂತರಕ್ಕೂ ಪ್ರವಾಹಕ್ಕೂ ಸರಳರೇಖೆಯ ನಕ್ಷೆಯನ್ನು ಕೊಡುವಲ್ಲಿ, ಬಿಸಿಯೇರಿದಂತೆಲ್ಲ ರೋಧವೂ ಏರುವ ಬಲ್ಬಿನ ಎಳೆಯು ಬಾಗಿದ ರೇಖೆಯನ್ನು ಕೊಡುವುದೂ ಇಂತಹುದೇ ಪಾಠ. ಎಲೆಕ್ಟ್ರಾನುಗಳ ಬಣ್ಣ ನಿಜವಾಗಿ ನೀಲಿಯೇ ಎಂದು ಕೇಳುವ ಮಕ್ಕಳೂ ಉಂಟು. ಚಿತ್ರವು ಕಲ್ಪಿತ ಪ್ರತಿರೂಪವೆಂಬುದನ್ನು ಆಗಲೇ ಹೇಳಿಬಿಡುವುದು ಲೇಸು.

ಊದಿದಾಗ ಸುಣ್ಣದ ತಿಳಿನೀರು ಹಾಲಿನಂತಾಗುವುದನ್ನೂ ಮೆಗ್ನೀಸಿಯಂ ಪಟ್ಟಿ ಉರಿಯುವುದನ್ನೂ ತೆರೆಯ ಮೇಲೆ ತೋರಿಸುವ ಅಗತ್ಯವಿಲ್ಲ. ಒಂದು ಮೀಟರ್ ಉದ್ದದ ಲೋಲಕವು ಇಲ್ಲಿ ಎರಡು ಸೆಕೆಂಡುಗಳಲ್ಲಿ ಮುಗಿಸುವ ಆಂದೋಲನಕ್ಕೆ ಚಂದ್ರನ ಮೇಲೆ ಸುಮಾರು ಐದು ಸೆಕೆಂಡುಗಳು ಬೇಕೆಂಬುದನ್ನು ತೋರಿಸಲಾದರೋ ಯಂತ್ರವೇ ಸರಿ.

ಹಳ್ಳಿಯ ಶಾಲೆಯಲ್ಲಿ ಕರೆಂಟಿನ ಮಾತನ್ನು ಮರೆತು ಯೋಜನೆ ಮಾಡಲಾಗದು. ಫೆಟ್‌ನ ಕಡತಗಳನ್ನು ಮೊದಲೇ ಇಳಿಸಿಟ್ಟುಕೊಂಡರೆ ಅಂತರಜಾಲದ ಹಂಗಿಲ್ಲ. ಹಿಂದಿನ ಸಂಜೆಯೇ ಪ್ರತಿ ಯಂತ್ರವನ್ನೂ ತೆರೆದು ನೋಡುತ್ತೇನೆ. ಪಾಠವು ಮೇಜಿನಿಂದ ಆರಂಭವಾಗುವುದರಿಂದ ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಮೇಜು, ತೆರೆ, ಮತ್ತೆ ಮೇಜು ಎಂಬ ಈ ಕ್ರಮಕ್ಕೆ ಒಂದು ಪೀರಿಯಡ್ ಸಾಲದು; ಆದುದರಿಂದ ಶಾಲೆ ಪುನರಾರಂಭವಾಗಿ ವೇಳಾಪಟ್ಟಿ ಸಿದ್ಧವಾಗುವ ಮುನ್ನವೇ ಮುಖ್ಯೋಪಾಧ್ಯಾಯರನ್ನು ಕಂಡು, ವಾರದಲ್ಲಿ ಒಂದು ದಿನವಾದರೂ ವಿಜ್ಞಾನಕ್ಕೆ ಎರಡು ಪೀರಿಯಡ್‌ಗಳನ್ನು ಜೊತೆಯಾಗಿ ಕೇಳಿ ಪಡೆಯುತ್ತೇನೆ.